ಹೇಸ್ಟಿಂಗ್ಸ್ ಕದನಕ್ಕೆಂದು ಕೊಂಡ ಉಂಗುರ ಕವಚ

ಇಂಗ್ಲೆಂಡಿನ ಬ್ಯಾಟಲ್ ಊರಿನಲ್ಲಿ 1066ರ ಹೇಸ್ಟಿಂಗ್ಸ್ ಕದನವನ್ನು ಅಕ್ಟೋಬರಿನಲ್ಲಿ ಮತ್ತೆ ಆಡಿ ತೋರಿಸುತ್ತಾರಲ್ಲ, ಅದಕ್ಕೆಂದೇ ತರಿಸಿದ, ಲೋಹದ ಉಂಗುರಗಳನ್ನು ಹೆಣೆದು ಅಂಗಿಯಂತೆ ಮಾಡಿದ ಕವಚ ಇದು. ಒಂದೊಂದು ಉಂಗುರದ ತುದಿಗಳಿಗೂ ರಿವೆಟ್ (ಪುಟ್ಟ ಮೊಳೆ) ಬಡಿದಿದ್ದಾರೆ; ಬರೀ ಬಾಗಿಸಿ ಕೂಡಿಸಿದ್ದಾದರೆ ಹೊಡೆತಕ್ಕೆ ಬಾಯಿ ಬಿಡುತ್ತವೆ. ತೂಕ ಸುಮಾರು 11 ಕಿಲೋ. ಸೊಂಟಕ್ಕೆ ಬೆಲ್ಟ್ ಬಿಗಿದರೆ ಹೆಗಲಿಗೆ ಎಷ್ಟೋ ಹಗುರ. ಕಂಕುಳಲ್ಲಿ ಮಾತ್ರ ಬಿಗಿ, ಈಟಿ ಎತ್ತಿದರೆ ಇಡೀ ಅಂಗಿ ಮೇಲೇಳುತ್ತೆ. ಅಂಗಡಿಯವರಿಗೆ ಹೇಳಿದ್ದಕ್ಕೆ, ಕಂಕುಳಲ್ಲಿ ಸೇರಿಸಿಕೊಳ್ಳಲು ಒಂದು ಹಿಡಿ ಬಿಡಿ ಉಂಗುರ ಕಳಿಸಿದರು, ದುಡ್ಡು ಕೇಳಲಿಲ್ಲ. ತುಂಬಾ ಖುಷಿಯಾಯ್ತು. ಒಳಗೆ ದಪ್ಪ ಹೊಲಿಗೆಯ ಹತ್ತಿಯ ಅಂಗಿ ಇಲ್ಲದೆ ತೊಡಲೇಬೇಡಿ: ಕವಚ ಅಲಗನ್ನು ತಡೆಯುತ್ತೆ, ಪೆಟ್ಟಿನ ನೋವನ್ನಲ್ಲ. ಮಳೆಯಲ್ಲಿ ನೆನೆದರೆ ಅವತ್ತೇ ಒರೆಸಿ ಎಣ್ಣೆ ಹಚ್ಚಿ, ತುಕ್ಕು ಬಲು ಬೇಗ ಹಿಡಿಯುತ್ತೆ.