ಡಾಕ್ಟರಿಗಿ ರಿಸರ್ಚ್ ಕಲಿಸೋ ಒಂದು ವರ್ಷದ ಕೋರ್ಸ್: ಐದಕ್ಕ ಮೂರೂವರೆ

ನಾನು ಕಲಬುರಗಿದಾಗ ಮೆಡಿಸಿನ್ ಡಾಕ್ಟರ್, ಎಂಡಿ ಆಗಿ ಆರು ವರ್ಷ ಆಯ್ತು. ಥೀಸಿಸ್ ಬರ್ದಿದ್ದೆ ಖರೆ, ಆದ್ರ ಸೀನಿಯರ್ ಥೀಸಿಸ್ ಮುಂದಿಟ್ಕೊಂಡು ಅದೇ ಅಚ್ಚಿನಾಗ ನನ್ನ ಪೇಷಂಟ್‌ಗಳನ್ನ ಕೂಡ್ಸಿದ್ದು ಅಷ್ಟೇ, ಸುಳ್ಳ್ಯಾಕ ಹೇಳ್ಲಿ. ಈಗ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಪಿಜಿ ಓದೋ ಡಾಕ್ಟರ್‌ಗಳಿಗಿ ಬೇಸಿಕ್ ಕೋರ್ಸ್ ಇನ್ ಬಯೋಮೆಡಿಕಲ್ ರಿಸರ್ಚ್ ಕಡ್ಡಾಯ ಮಾಡ್ಯದಲ್ಲ, ಚೆನ್ನೈದಾಗಿರೋ ಸರ್ಕಾರಿ ರಿಸರ್ಚ್ ಸಂಸ್ಥೆ ಐಸಿಎಂಆರ್-ಎನ್‌ಐಇದವರು ಆನ್‌ಲೈನ್ ನಡೆಸ್ತಾರ, ಅದನ್ನೂ ಮುಗಿಸೀನಿ. ಸ್ಟಡಿ ಡಿಸೈನ್, ಸ್ಯಾಂಪಲ್ ಸೈಜ್, ಎಥಿಕ್ಸ್ ಎಲ್ಲಾ ಚೊಲೋ ತಿಳೀತದ. ಹೆಸರಿನಾಗೇ ಬೇಸಿಕ್ ಅದ, ಸ್ವಂತ ಸ್ಟಡಿ ನಡೆಸ್ಲಾಕ ಇನ್ನೂ ಬೇರೆ ಬೇಕು ಅನಿಸ್ತು, ಅದಕ್ಕ ರೊಕ್ಕ ಕಟ್ಟಿ ಈ ಶನಿವಾರ-ಭಾನುವಾರದ ಕೋರ್ಸ್ ಸೇರ್ದೆ. ಯಾವ ಸಂಸ್ಥೆ ಅಂತ ಹೇಳಂಗಿಲ್ಲ, ಮುಂದ ಸ್ವಲ್ಪ ಬೈಯೋದದ.

ಮೊದ್ಲು ಚೊಲೋದು. ಮೊದಲ ಮೂರು ತಿಂಗಳು ಒಂದೇ ಪ್ರಶ್ನೆ ತಿದ್ದಿಸಿದ್ರು. ನಂದು 'ಹಾವು ಕಡಿತದ ಪೇಷಂಟ್‌ಗಳ ಅಧ್ಯಯನ' ಅಂತಿತ್ತು. ಗೈಡ್ ಅಂದ್ರು, ಇದು ಪ್ರಶ್ನೆ ಅಲ್ಲ ಡಾಕ್ಟ್ರೇ, ಬೋರ್ಡ್. ತಿದ್ದಿ ತಿದ್ದಿ ಕಡೀಗಿ ಹಿಂಗಾಯ್ತು: ಕಡಿದ ಮ್ಯಾಲ ಎಎಸ್‌ವಿ (ಹಾವಿನ ವಿಷ ಇಳಿಸೋ ಔಷಧ) ಬೀಳ್ಲಾಕ ತಡ ಆದವರಿಗಿ ಡಯಾಲಿಸಿಸ್ ಬೇಕಾಗೋದು ಹೆಚ್ಚೇನು? ಇದ್ರಾಗ ಏನದ, ಸರಳ ಅದ ಅನಿಸಿತ್ತು. ಹಳೇ ಕೇಸ್‌ಶೀಟ್ ತೆಗ್ದು ನೋಡಿದ್ರ ಕಡಿದ ಟೈಮೇ ಇಲ್ಲ, 'ರಾತ್ರಿ ಹೊಲದಾಗ' ಅಂತ ಬರ್ದದ! ರಕ್ತ ಹೆಪ್ಪುಗಟ್ತದೋ ಇಲ್ಲೋ ನೋಡೋ 20 ನಿಮಿಷದ ಕ್ಲಾಟಿಂಗ್ ಟೆಸ್ಟ್ ಮಾಡಿರ್ತಾರ, ಎಷ್ಟು ಗಂಟೆಗಿ ಅಂತ ಬರ್ದಿರಂಗಿಲ್ಲ. ಅದ್ರ ಮ್ಯಾಲ ಗೈಡ್ ಕೇಳಿದ್ರು, ಚಿಂಚೋಳಿ ಕಡಿ ತಾಂಡಾದಿಂದ ಬರೋವಾಗ ದಾರ್ಯಾಗೇ ಸತ್ತವರು ನಿಮ್ಮ ಲೆಕ್ಕದಾಗ ಎಲ್ಲವರಿ? ಆಸ್ಪತ್ರೆ ಮುಟ್ಟಿದವರನ್ನೇ ಎಣಿಸಿದ್ರ, ತಡ ಆಗಿ ಬಂದೂ ಬದುಕಿದ ಗಟ್ಟಿ ಮಂದಿನೇ ನಮ್ಮ ಡೇಟಾದಾಗ ಉಳೀತಾರ, ತಡ ಆದ್ರ ಏನೂ ಆಗಂಗಿಲ್ಲ ಅಂತ ಉತ್ತರ ಬಂದ್ರೂ ಬಂತು. ಆ ರಾತ್ರಿ ನನಗ ನಿದ್ದಿ ಬರ್ಲಿಲ್ಲ. ಈ ಒಂದು ಕ್ಲಾಸಿಗೇ ಅರ್ಧ ಫೀಸು ವಸೂಲಿ.

ಎಥಿಕ್ಸ್ ಕಮಿಟಿ ಕಾಗದ, ಕನ್ಸೆಂಟ್ ಫಾರ್ಮ್ ನಮ್ಮ ಮಂದಿಗಿ ತಿಳಿಯೋ ಕನ್ನಡದಾಗ ಬರಿಯೋದು, ಕ್ಲಿನಿಕಲ್ ಟ್ರಯಲ್ ಆದ್ರ ಮೊದಲ ಪೇಷಂಟ್ ಸೇರಿಸೋಕಿಂತ ಮುಂಚೆನೇ ದೇಶದ ಟ್ರಯಲ್ ಪಟ್ಟಿ ಸಿಟಿಆರ್‌ಐದಾಗ ರಿಜಿಸ್ಟ್ರೇಷನ್ (2018ರ ಏಪ್ರಿಲ್‌ನಿಂದ ಆಮ್ಯಾಲ ಮಾಡಿಸ್ತೀನಿ ಅಂದ್ರ ನಡ್ಯಂಗಿಲ್ಲ), ಇವೂ ಛಲೋ ಹೇಳಿಕೊಟ್ರು.

ಸ್ಟ್ಯಾಟಿಸ್ಟಿಕ್ಸ್ ಬ್ಯಾಡಪ್ಪಾ. ರೊಕ್ಕದ ಸಾಫ್ಟ್‌ವೇರ್ ಮ್ಯಾಲ ಕಲಿಸಿದ್ರು, ಟ್ರಯಲ್ ಲೈಸೆನ್ಸ್ ಕೋರ್ಸ್ ನಡುವೇ ಮುಗೀತು. 'ಆರ್' (R) ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗ್ತದ, ಅದ್ರಾಗೇ ಕಲಿಸಿದ್ರ ಏನಾಗ್ತಿತ್ತು? ಕೊನೀಗಿ ನಾನೇ ರಾತ್ರಿ ಕುಂತು ಕಲ್ತೆ, ಮೇ ತಿಂಗಳು, ಕರೆಂಟ್ ಬ್ಯಾರೆ ಇಲ್ಲ.

ಇನ್ನೊಂದು, ಬ್ರೋಷರ್‌ದಾಗ 'ಸ್ವತಂತ್ರ ಸಂಶೋಧಕ' ಅಂತ ದಪ್ಪಕ್ಷರ. ಓಪಿಡಿ ಮುಗ್ಸಿ, ನೈಟ್ ಡ್ಯೂಟಿ ಮಾಡಿ, ಉಳ್ದ ಟೈಮಿನಾಗ ಯಾವ ಸ್ವಾತಂತ್ರ್ಯರಿ? ವಾರಕ್ಕ ಒಂದು ದಿನ ರಿಸರ್ಚಿಗಿ ಬಿಡ್ರಿ ಅಂತ ನಮ್ಮ ಕಡಿ ಕೇಳಿದ್ರ ನಕ್ಕು ಕಳಿಸಿದ್ರು.

ಸೇರೋರು ಇದ್ರ ಫೀಸ್ ಕಟ್ಟೋಕಿಂತ ಮೊದ್ಲು ಇದೊಂದು ಕೇಳ್ರಿ: ಸರ್ಟಿಫಿಕೇಟ್ ಕೊಟ್ಟ ಮ್ಯಾಲ ಗೈಡ್ ಎಷ್ಟು ದಿನ ಕೈ ಹಿಡೀತಾರ? ನಾನು ಕೇಳಿರ್ಲಿಲ್ಲ. ಪೇಪರ್ ಡ್ರಾಫ್ಟ್ ಕಳ್ಸಿ ಎರಡು ತಿಂಗಳಾತು, ಒಂದು ಮೇಲ್ ಇಲ್ಲ. ವಾರ್ಡಿನಾಗ ಮಾತ್ರ ಈಗ ಹಾವು ಕಡಿದ ಟೈಮ್ ಬರ್ಯೋ ಕಾಲಮ್ ಮಾಡಿಸೀನಿ, ಸಿಸ್ಟರ್‌ಗಳು ಮರಿದೇ ಬರೀಲಾಕತ್ತಾರ.