ಫ್ರೀಜರ್ ಪೆಟ್ಟಿಗೆಯಿಂದ ತಿಥಿಯ ಊಟದವರೆಗೆ: ಹಾಸನದ ಒಂದು ಅಂತ್ಯಕ್ರಿಯಾ ಸೇವೆಯ ಬಗ್ಗೆ

ಸಾವಾದ ಮನೆಗೆ ಬೇಕಾಗುವ ಶಾಮಿಯಾನ, ಕುರ್ಚಿ, ಫ್ರೀಜರ್ ಪೆಟ್ಟಿಗೆ, ವಾಹನ, ಸೌದೆ, ಕೊನೆಗೆ ತಿಥಿಯ ಅಡುಗೆ ಎಲ್ಲವನ್ನೂ ಒಬ್ಬರೇ ವಹಿಸಿಕೊಳ್ಳುವ ಸೇವೆಯೊಂದನ್ನು ಕಳೆದ ಆಷಾಢದಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡಾಗ ಹಾಸನದಲ್ಲಿ ಬಳಸಿಕೊಂಡೆವು. ಕೊರತೆಗಳನ್ನೂ ಬರೆಯಬೇಕಾಗಿರುವುದರಿಂದ ಅವರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇಂಥ ಸೇವೆಯನ್ನು ಗೊತ್ತುಮಾಡುವವರು ಏನನ್ನು ಕೇಳಿಕೊಳ್ಳಬೇಕು, ಯಾವುದನ್ನು ಅವರಿಗೆ ಬಿಡಬಾರದು ಎಂಬುದು ತಿಳಿದರೆ ಸಾಕು.

ಅವರ ಮೇಲ್ವಿಚಾರಕರು ಬಂದವರೇ ಮೊದಲು ಕೇಳಿದ್ದು, "ಲೆಕ್ಕದ ವಿಚಾರ ಯಾರ ಹತ್ತಿರ ಮಾತಾಡ್ಲಿ? ಕಾರ್ಯ ಮಾಡೋರ ಹತ್ತಿರ ಬೇಡ" ಎಂದು. ನನ್ನ ಮಟ್ಟಿಗೆ ಈ ಸೇವೆಯ ಅತಿ ದೊಡ್ಡ ಗುಣ ಇದೇ. ಹೆಣದ ಮುಂದೆ ಕುಳಿತ ಮಗನಾಗಲಿ ಹೆಂಡತಿಯಾಗಲಿ ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ; ಹೇಳಿದ ದರಕ್ಕೆ ಹೂಂ ಎನ್ನುತ್ತಾರೆ. ಆ ಹೂಂ ಮೇಲೆಯೇ ವ್ಯಾಪಾರ ನಡೆಸುವವರನ್ನು ನಾನು ಕಂಡಿದ್ದೇನೆ. ಇವರು ಮುದ್ರಿಸಿದ ದರಪಟ್ಟಿಯೊಂದನ್ನು ನಮ್ಮ ಸೋದರಮಾವನ ಕೈಗಿತ್ತು, ಬೇಕಾದವಕ್ಕೆ ಮಾತ್ರ ಗುರುತು ಹಾಕಿಸಿಕೊಂಡು, ಅದರ ಪ್ರತಿಯನ್ನು ಅಲ್ಲೇ ಕೊಟ್ಟರು. ಹನ್ನೊಂದನೆಯ ದಿನದ ತಿಥಿ ಮುಗಿದ ಮೇಲೆ ಬಂದ ಬಿಲ್ಲಿನಲ್ಲಿ ಒಂದು ಬಾಬ್ತನ್ನು ಬಿಟ್ಟರೆ ನಾವು ಗುರುತು ಹಾಕದ್ದು ಯಾವುದೂ ಇರಲಿಲ್ಲ. ಆ ಬಾಬ್ತಿನ ವಿಷಯಕ್ಕೆ ಮುಂದೆ ಬರುತ್ತೇನೆ.

ದೊಡ್ಡಪ್ಪನ ಮಗಳು ವಿದೇಶದಿಂದ ಬರಬೇಕಾಗಿದ್ದರಿಂದ ಶರೀರವನ್ನು ಮರುದಿನ ಮಧ್ಯಾಹ್ನದವರೆಗೆ ಇಟ್ಟುಕೊಳ್ಳಬೇಕಾಯಿತು. ಫ್ರೀಜರ್ ಪೆಟ್ಟಿಗೆ ಮನೆಯ ಸಾಮಾನ್ಯ ವಿದ್ಯುತ್ತಿನಲ್ಲೇ ನಡೆಯುತ್ತದೆ. ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟನ್ನು ನಂಬಿ ಕೂರುವಂತಿಲ್ಲ. ಕೇಳುವ ಮೊದಲೇ ಜನರೇಟರನ್ನು ತಂದಿದ್ದರು, ಅದನ್ನು ಕಿಟಕಿಯ ಕೆಳಗೆ ಇಡದೆ ಹಿತ್ತಲಿನ ಆಚೆಗೆ ನಿಲ್ಲಿಸಿ ಉದ್ದನೆಯ ವೈರು ಎಳೆದಿದ್ದರು. ಮಳೆಯ ತೇವಕ್ಕೆ ಪೆಟ್ಟಿಗೆಯ ಗಾಜಿನ ಮೇಲೆ ಮತ್ತೆ ಮತ್ತೆ ನೀರು ಕಟ್ಟಿ ಮುಖ ಕಾಣದಂತಾಗುತ್ತಿತ್ತು. ಅದನ್ನು ಒರೆಸುವುದಕ್ಕೆಂದೇ ಒಬ್ಬ ಹುಡುಗ ರಾತ್ರಿಯಿಡೀ ಎದ್ದಿದ್ದ. ಚನ್ನರಾಯಪಟ್ಟಣ, ಅರಕಲಗೂಡು, ಸಕಲೇಶಪುರದ ಕಡೆಯಿಂದ ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರೆಲ್ಲ ಕೊನೆಯ ಬಾರಿ ಮುಖ ನೋಡಿ ಕೈಮುಗಿಯಲು ಸಾಧ್ಯವಾದದ್ದು ಅವನಿಂದ.

ಬಂದವರ ಅನುಕೂಲದ ವಿಷಯದಲ್ಲೂ ಇವರಿಗೆ ರೂಢಿಯ ತಿಳಿವಳಿಕೆ ಇದೆ. ಹೆಣ ಎತ್ತುವವರೆಗೆ ಆ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಹಲವರು ನೀರನ್ನೂ ಮುಟ್ಟುವುದಿಲ್ಲ. ಆದರೆ ಬೆಂಗಳೂರಿನಿಂದ ನಾಲ್ಕು ಗಂಟೆ ಪ್ರಯಾಣ ಮಾಡಿ ಬಂದ ಸಕ್ಕರೆ ಕಾಯಿಲೆಯ ಹಿರಿಯರನ್ನು ಉಪವಾಸ ಕೂರಿಸುವುದು ಹೇಗೆ? ಕಾಫಿ ಮತ್ತು ಉಪ್ಪಿಟ್ಟನ್ನು ಎರಡು ಮನೆ ಆಚೆಯವರ ಅಂಗಳದಲ್ಲಿ, ಅವರ ಒಪ್ಪಿಗೆ ಪಡೆದು ಇಟ್ಟಿದ್ದರು. ಹೋಗಿಬರುತ್ತೇನೆ ಎನ್ನದೆ ಮೌನವಾಗಿ ಎದ್ದು ಹೊರಡುವವರಿಗೆ ಕೈಕಾಲು ತೊಳೆಯಲು ಗೇಟಿನ ಹೊರಗೆ ನೀರಿನ ಡ್ರಮ್ ಇತ್ತು. ಹೆಂಗಸರಿಗೆ ಶೌಚಾಲಯದ ಏರ್ಪಾಡು ಮಾತ್ರ ಇರಲಿಲ್ಲ. ನೂರಾರು ಜನ ಸೇರುವ ಕಡೆ ಇದು ಸಣ್ಣ ಲೋಪವಲ್ಲ. ದರಪಟ್ಟಿಯಲ್ಲೇ ಅದು ಇಲ್ಲ.

ದಹನ ನಮ್ಮದೇ ತೋಟದಲ್ಲಿ ನಡೆಯಿತು. ಆಷಾಢದ ಮಳೆಯಲ್ಲಿ ಒಣಸೌದೆಯನ್ನು ಹೊಂದಿಸುವುದು ಎಷ್ಟು ಕಷ್ಟವೆಂಬುದು ಮಲೆನಾಡಿನ ಅಂಚಿನಲ್ಲಿರುವವರಿಗೆ ಗೊತ್ತು. ಟಾರ್ಪಾಲು ಹೊದಿಸಿ ತಂದ ಸೌದೆ, ಚಿತೆಯ ಮೇಲೆ ಎತ್ತರಕ್ಕೆ ನಿಲ್ಲಿಸಿದ ತಗಡಿನ ಮಾಡು, ಬಿದಿರು, ಮಡಕೆ, ದಾರಿಯುದ್ದಕ್ಕೂ ಎರಚುವ ಪುರಿ ಯಾವುದಕ್ಕೂ ನಮ್ಮವರು ಓಡಬೇಕಾಗಲಿಲ್ಲ.

ಮೂರನೆಯ ದಿನದ ಹಾಲುತುಪ್ಪ ಮುಗಿದ ಮೇಲೆ ಅಸ್ಥಿ ವಿಸರ್ಜನೆಗೆ ಅವರ ವಾಹನ ಬೇಡವೆಂದೆವು. ಕಾವೇರಿ ತೀರದ ರಾಮನಾಥಪುರ ನಮ್ಮ ಜಿಲ್ಲೆಯಲ್ಲೇ ಇದೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೇ ಹೋಗಬೇಕೆಂದರೂ ಸ್ವಂತ ಕಾರು ಸಾಕು. ಮರಣ ಪ್ರಮಾಣಪತ್ರದ ಓಡಾಟಕ್ಕೆಂದು ಇವರು ಕೇಳುವ ಹಣವನ್ನೂ ಕೊಡುವ ಅಗತ್ಯವಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನಗಳೊಳಗೆ ತಿಳಿಸಿದರೆ ನೋಂದಣಿಗೆ ಶುಲ್ಕವಿಲ್ಲ. ಆಸ್ಪತ್ರೆಯಲ್ಲಿ ಸಾವಾಗಿದ್ದರೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದೇ. ನಾನು ಹೇಳಿದ ಹೆಚ್ಚುವರಿ ಬಾಬ್ತು ಇದೇ ಆಗಿತ್ತು. ನಾವು ಗುರುತು ಹಾಕಿರಲಿಲ್ಲವೆಂದು ತೋರಿಸಿದಾಗ ವಾದ ಮಾಡದೆ ತೆಗೆದರು.

ತಿಥಿಯ ದಿನದ ಬಗ್ಗೆ ಇಷ್ಟು ಒಳ್ಳೆಯ ಮಾತು ಬರೆಯಲಾರೆ. ಮೊದಲೆರಡು ದಿನ ಕಂಡವರು ಒಬ್ಬರೂ ಅಂದು ಇರಲಿಲ್ಲ. ಮದುವೆ ಮನೆಗಳಲ್ಲಿ ಬಡಿಸುವ ತಂಡವನ್ನೇ ಕಳಿಸಿದ್ದರು. ಶಾಮಿಯಾನಕ್ಕೆ ಕೆಂಪು ಹಳದಿ ಜಾಲರಿ ಕಟ್ಟಿ, ಬಾಗಿಲಲ್ಲಿ "ಸುಸ್ವಾಗತ" ಎಂಬ ಕಮಾನನ್ನೂ ನಿಲ್ಲಿಸಿದ್ದರು. ದೊಡ್ಡಮ್ಮ ಹೊರಗೆ ಬರುವ ಮೊದಲೇ ಅದನ್ನು ಬಿಚ್ಚಿಸಿದೆವು. ಎಲೆಯೊಂದಕ್ಕೆ 220 ರೂಪಾಯಿಯಂತೆ ಮಾತಾಡಿದ್ದ ಊಟದಲ್ಲಿ ಪಾಯಸವೂ ಹುಳಿಯೂ ಚೆನ್ನಾಗಿದ್ದವು, ವಡೆ ತಣ್ಣಗಾಗಿತ್ತು. ದೊಡ್ಡಪ್ಪನಿಗೆ ಇಷ್ಟವೆಂದು ಎಡೆಗೆ ಹೇಳಿದ್ದ ಕಜ್ಜಾಯವನ್ನು ಮಾಡಿರಲೇ ಇಲ್ಲ. ಅತ್ತೆಯೊಬ್ಬರು ಮನೆಯಿಂದ ತಂದಿದ್ದರಿಂದ ಎಡೆ ಪೂರ್ತಿಯಾಯಿತು. ಇನ್ನು ಬಡಿಸುವವರ ಧಾವಂತ. ಊಟ ಮಾಡುತ್ತಲೇ ಸತ್ತವರ ಮಾತಾಡಿಕೊಳ್ಳುವುದಕ್ಕೆಂದೇ ಜನ ತಿಥಿಗೆ ಬರುತ್ತಾರೆ, ಅಂಥ ಪಂಕ್ತಿಯ ಬೆನ್ನಿಗೆ ಮುಂದಿನ ಪಂಕ್ತಿಯವರನ್ನು ತಂದು ನಿಲ್ಲಿಸಿದರೆ ಯಾರ ಬಾಯಿಂದ ಮಾತು ಹೊರಡೀತು?

ಈ ಮಾತನ್ನು ಮೇಲ್ವಿಚಾರಕರಿಗೆ ಫೋನಿನಲ್ಲಿ ತಿಳಿಸಿದಾಗ, ಅಡುಗೆಯನ್ನು ತಾವು ಬೇರೆಯವರಿಗೆ ಗುತ್ತಿಗೆ ಕೊಡುವುದಾಗಿ ಒಪ್ಪಿಕೊಂಡು ಊಟದ ಬಿಲ್ಲಿನಲ್ಲಿ ಒಂದಿಷ್ಟು ಇಳಿಸಿದರು. ವರ್ಷಾಬ್ದಿಕಕ್ಕೆ ಶಾಮಿಯಾನ ಮತ್ತು ಕುರ್ಚಿಗಳನ್ನು ಅವರಿಂದಲೇ ತರಿಸುವುದೆಂದೂ, ಅಡುಗೆಗೆ ನಮ್ಮೂರಿನ ಭಟ್ಟರನ್ನೇ ಕರೆಯುವುದೆಂದೂ ಮನೆಯಲ್ಲಿ ಮಾತಾಗಿದೆ.