ಸೆಜ್‌ಮೂರ್ ರಣಭೂಮಿಯ ನಡಿಗೆ: ಮಾನ್‌ಮತ್ ಡ್ಯೂಕನ ಕಥೆಗೆ ಸಿಕ್ಕ ನ್ಯಾಯವೆಷ್ಟು?

ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿರುವ ವೆಸ್ಟನ್‌ಝಾಯ್ಲೆಂಡ್ ಎಂಬ ಹಳ್ಳಿಯ ಸೇಂಟ್ ಮೇರಿ ಚರ್ಚಿನಿಂದ ಹೊರಟು ಸೆಜ್‌ಮೂರ್ ಕಾಳಗದ ಸ್ಮಾರಕದವರೆಗೆ ಸಾಗುವ ನಡಿಗೆಯೊಂದರಲ್ಲಿ ಮಾರ್ಗದರ್ಶಕರ ಜೊತೆ ಪಾಲ್ಗೊಂಡಿದ್ದೆ. ಎರಡನೆಯ ಚಾರ್ಲ್ಸ್ ದೊರೆಯ ಅನೌರಸ ಪುತ್ರ, ಮಾನ್‌ಮತ್‌ನ ಡ್ಯೂಕ್ ಜೇಮ್ಸ್ ಸ್ಕಾಟ್, ತನ್ನ ಚಿಕ್ಕಪ್ಪ ಎರಡನೆಯ ಜೇಮ್ಸನ ವಿರುದ್ಧ ದಂಗೆಯೆದ್ದು 1685ರ ಜುಲೈ 6ರಂದು ಸೋತದ್ದು ಇಲ್ಲಿಯೇ. ಆ ಸೋಲನ್ನು ಅರ್ಥಮಾಡಿಕೊಳ್ಳಲು ಈ ಬಯಲಿನಲ್ಲಿ ನಿಲ್ಲುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ನಡಿಗೆಯ ನಿರೂಪಣೆ ಆ ಜಾಗದ ತೂಕಕ್ಕೆ ತಕ್ಕಂತಿರಲಿಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ರಾತ್ರಿ ದಾಳಿಯ ವಿವರಣೆ ಅತ್ಯುತ್ತಮವಾಗಿತ್ತು. ಇಲ್ಲಿನ ಜೌಗು ನೆಲದ ನೀರುಗಾಲುವೆಗಳನ್ನು ಸ್ಥಳೀಯರು 'ರೈನ್' ಎನ್ನುತ್ತಾರೆ. ನಿದ್ದೆಯಲ್ಲಿದ್ದ ರಾಜಸೈನ್ಯದ ಶಿಬಿರದ ಮುಂದೆ ಬಸೆಕ್ಸ್ ರೈನ್ ಹರಿಯುತ್ತಿತ್ತು. ಕತ್ತಲಲ್ಲಿ ಸದ್ದಿಲ್ಲದೆ ಬರುತ್ತಿದ್ದ ಬಂಡಾಯಗಾರರ ಸುಳಿವು ಒಂದು ಗುಂಡಿನ ಸದ್ದಿನಿಂದ ಹೊರಬಿದ್ದಿತು, ಅವರ ಕುದುರೆಪಡೆಗೆ ಕಾಲುವೆ ದಾಟುವ ಜಾಗ ಸಿಗಲಿಲ್ಲ, ಬೆಳಕು ಹರಿಯುವಷ್ಟರಲ್ಲಿ ಕುಡುಗೋಲು ಹಿಡಿದ ರೈತರೂ ನೇಕಾರರೂ ಪಳಗಿದ ಸೈನಿಕರ ಎದುರು ಬಯಲಿನಲ್ಲಿ ನಿಂತಿದ್ದರು. ಆ ಕಾಲುವೆ ಈಗ ಕಣ್ಣಿಗೆ ಕಾಣದಿದ್ದರೂ ಮಾರ್ಗದರ್ಶಕರ ಮಾತಿನಲ್ಲಿ ಅದರ ಜಾಡು ಸ್ಪಷ್ಟವಾಗಿ ಮೂಡಿತು. 1673ರಲ್ಲಿ ಮಾಸ್ಟ್ರಿಕ್ಟ್ ಮುತ್ತಿಗೆಯಲ್ಲಿ ಮಾನ್‌ಮತ್‌ನ ಪಕ್ಕದಲ್ಲೇ ಹೋರಾಡಿದ್ದ ಜಾನ್ ಚರ್ಚಿಲ್ ಇಲ್ಲಿ ಎದುರಾಳಿ ಸೈನ್ಯದ ಎರಡನೆಯ ನಾಯಕನಾಗಿದ್ದ. ಮೂರೇ ವರ್ಷಗಳ ಬಳಿಕ, 1688ರಲ್ಲಿ, ಅದೇ ಚರ್ಚಿಲ್ ಜೇಮ್ಸನನ್ನು ತೊರೆದು, ಅವನನ್ನು ಸಿಂಹಾಸನದಿಂದ ಇಳಿಸಿದ ಅಳಿಯ ಆರೆಂಜಿನ ವಿಲಿಯಂನ ಪಕ್ಷ ಸೇರಿದ. ಈ ಸಂಗತಿಯನ್ನು ನಡಿಗೆಯಲ್ಲಿ ಹೇಳಲೇ ಇಲ್ಲ ಎಂಬುದು ನನಗೆ ದೊಡ್ಡ ಕೊರತೆಯಾಗಿ ಕಂಡಿತು.

ಡ್ಯೂಕನ ಬಾಲ್ಯದ ಕಥೆಯೂ ಅವಸರದಲ್ಲಿ ಮುಗಿಯಿತು. 1649ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಲೂಸಿ ವಾಲ್ಟರಳ ಮಗನಾಗಿ ಹುಟ್ಟಿ, ತಾಯಿಯಿಂದ ಎಳೆವಯಸ್ಸಿನಲ್ಲೇ ಬೇರ್ಪಟ್ಟು, 1663ರಲ್ಲಿ ಡ್ಯೂಕ್ ಪದವಿಯನ್ನೂ ಬಕ್ಲೂ ಮನೆತನದ ಆ್ಯನ್ ಸ್ಕಾಟಳ ಕೈಯನ್ನೂ ಪಡೆದ ಹುಡುಗನಿಗೆ ಅಪ್ಪನ ವಾತ್ಸಲ್ಯವೆಲ್ಲ ದಕ್ಕಿತು, ಉತ್ತರಾಧಿಕಾರವೊಂದನ್ನು ಬಿಟ್ಟು. ಲೂಸಿಯನ್ನು ತಾನು ಮದುವೆಯಾಗಿಲ್ಲವೆಂದು ದೊರೆ ಬಹಿರಂಗವಾಗಿಯೇ ಘೋಷಿಸಿದ. ಮದುವೆಯ ದಾಖಲೆ 'ಕಪ್ಪು ಪೆಟ್ಟಿಗೆ'ಯೊಂದರಲ್ಲಿದೆ ಎಂಬ ವದಂತಿ ಮಾತ್ರ ಸಾಯಲಿಲ್ಲ. ಈ ನೋವನ್ನು ವಿವರಿಸದೆ ಅವನು ಸುಮಾರು 80 ಜನರೊಂದಿಗೆ ಲೈಮ್ ರೀಜಿಸ್‌ನಲ್ಲಿ ಬಂದಿಳಿದು ಟಾಂಟನ್‌ನಲ್ಲಿ ತನ್ನನ್ನೇ ರಾಜನೆಂದು ಸಾರಿಕೊಂಡ ಧೈರ್ಯವನ್ನು ವಿವರಿಸಲಾಗದು. ಜುಲೈ 15ರಂದು ಲಂಡನ್ನಿನ ಟವರ್ ಹಿಲ್‌ನಲ್ಲಿ ತಲೆ ಕಡಿಯುವ ವಧಕಾರ ಜ್ಯಾಕ್ ಕೆಚ್ ಹಲವು ಏಟು ಹಾಕಿ ಅವನನ್ನು ಕೊಂದ ರೀತಿಗೆ ಮಾರ್ಗದರ್ಶಕರು ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ಕೊಟ್ಟರು, ಹಾಗೆ ಮಾಡಬೇಕಿರಲಿಲ್ಲ.

ನನ್ನ ಮುಖ್ಯ ಆಕ್ಷೇಪವಿರುವುದು ಅವನನ್ನು ನಂಬಿ ಬಂದವರ ಬಗ್ಗೆ. ಕಾಳಗದ ನಂತರ ಸುಮಾರು 500 ಸೆರೆಯಾಳುಗಳನ್ನು ಕೂಡಿಹಾಕಿದ್ದು ನಾವು ಹೊರಟ ಅದೇ ಚರ್ಚಿನಲ್ಲಿ. ನ್ಯಾಯಾಧೀಶ ಜೆಫ್ರಿಸ್‌ನ 'ರಕ್ತಸಿಕ್ತ ವಿಚಾರಣೆ'ಗಳಲ್ಲಿ ನೂರಾರು ಜನ ಗಲ್ಲಿಗೇರಿದರು, ಇನ್ನೂ ನೂರಾರು ಜನರನ್ನು ವೆಸ್ಟ್ ಇಂಡೀಸ್‌ಗೆ ಸಾಗಿಸಲಾಯಿತು. ಬಯಲಿನ ಸ್ಮಾರಕಶಿಲೆಯೂ ಸ್ಮರಿಸುವುದು ಮಡಿದವರನ್ನು ಮತ್ತು ಶಿಕ್ಷೆಗೆ, ಗಡೀಪಾರಿಗೆ ಒಳಗಾದವರನ್ನು. ಹೀಗಿದ್ದೂ ಚರ್ಚಿನ ಒಳಗೆ ನಾವು ನಿಂತದ್ದು ಐದು ನಿಮಿಷ.

ಇಷ್ಟಾದರೂ ಹೋಗಿ ಬನ್ನಿ ಎಂದೇ ಹೇಳುತ್ತೇನೆ; ನೆಲ ಹಸಿಯಾಗಿರುವುದರಿಂದ ಗಟ್ಟಿ ಬೂಟು ಬೇಕು. ನಡಿಗೆ ಮುಗಿದ ಮೇಲೆ ಗುಂಪಿನೊಂದಿಗೆ ಚದುರದೆ ಒಬ್ಬರೇ ಚರ್ಚಿಗೆ ಮರಳಿ, ಅದರ ಸುಂದರ ಮರದ ಚಾವಣಿಯ ಕೆಳಗೆ ಅರ್ಧ ಗಂಟೆ ಕುಳಿತುಕೊಳ್ಳಿ. ಗಾಯಗೊಂಡ ಆ ಸೆರೆಯಾಳುಗಳು ತಲೆಯೆತ್ತಿ ನೋಡಿದ್ದು ಅದೇ ಚಾವಣಿಯನ್ನು.